ಪದಚರ್ಚೆ: ಜಪಾನಿನ ಸೌದೆ ಆವಗೆಯ ಪಾತ್ರೆ, ಅದರ ‘ಕೇಶಿಕಿ’ಗೆ ಏನನ್ನೋಣ?

ಗೆಳೆಯರೇ,

ಬಿಜೆನ್, ಶಿಗರಾಕಿ, ಇಗಾ ಕಡೆಯ ಮಣ್ಣಿನ ಪಾತ್ರೆಗಳ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಎರಡು ಪದ ಬೇಕಾಗಿದೆ.

ಮೊದಲನೆಯದು ಮೈಯದು. ಬಿಜೆನ್ ಪಾತ್ರೆಗೆ ಮೆರುಗು ಬಳಿಯುವುದೇ ಇಲ್ಲ. ಕೆಂಪು ಪೈನ್ ಸೌದೆ ಉರಿಸಿ ವಾರ, ಎರಡು ವಾರ ಸುಡುತ್ತಾರೆ, ಕಾವು 1,200 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಏರುತ್ತದೆ, ಹಾರಿದ ಬೂದಿ ಪಾತ್ರೆ ಮೇಲೆ ಕೂತು ಅಲ್ಲೇ ಕರಗಿ ಗಾಜಿನ ಹಾಗೆ ಅಂಟಿಕೊಳ್ಳುತ್ತದೆ. ಹೀಗೆ ಬೆಂಕಿ ಬಿಟ್ಟುಹೋದ ಎಲ್ಲದಕ್ಕೂ ಸೇರಿ ‘ಕೇಶಿಕಿ’ ಅನ್ನುತ್ತಾರೆ. ಮಾಮೂಲಿ ಮಾತಿನಲ್ಲಿ ಅದಕ್ಕೆ ಬೆಟ್ಟ, ಬಯಲಿನ ನೋಟ ಅಂತ ಅರ್ಥ. ‘ಕಲೆ’ ಅಂತ ಬರೆದರೆ ಓದುವವರು ಯಾವ ಕಲೆ ಅಂತ ತಿಳಿಯಬೇಕು? ‘ಭೂದೃಶ್ಯ’ ತೀರಾ ಪಠ್ಯಪುಸ್ತಕದ ಮಾತು. ಸದ್ಯಕ್ಕೆ ‘ಮೈನೋಟ’ ಅಂತ ಇಟ್ಟಿದ್ದೇನೆ.

ಒಂದೊಂದು ಗುರುತಿಗೂ ಅವರು ಇಟ್ಟಿರುವ ಹೆಸರು ನೋಡಿ. ಬೂದಿ ಚಿಮುಕಿಸಿದ ಹಾಗೆ ಕೂತರೆ ‘ಗೊಮಾ’, ಅಂದರೆ ಎಳ್ಳು. ಒಂದರ ಮೇಲೊಂದು ಇಟ್ಟಾಗ ಬೂದಿ ತಾಕದೆ ಉಳಿದ ದುಂಡನೆ ಜಾಗ ‘ಬೊತಮೊಚಿ’, ಅದು ಒಂದು ಸಿಹಿ ಉಂಡೆಯ ಹೆಸರು. ಇಗಾ, ಶಿಗರಾಕಿಯಲ್ಲಿ ಬೂದಿಯೊಳಗೆ ಹೂತು ಕಪ್ಪಾದ ಭಾಗ ‘ಕೊಗೆ’, ನಾವು ಅನ್ನ ಸೀದಿದೆ ಅಂತೀವಲ್ಲ, ಅದೇ. ಭತ್ತದ ಹುಲ್ಲು ಸುತ್ತಿ ಸುಟ್ಟಾಗ ಮೂಡುವ ಕೆಂಪು ಗೆರೆಗೆ ‘ಹಿದಾಸುಕಿ’. ಕಿಮೋನೊ ತೋಳನ್ನು ಎತ್ತಿ ಕಟ್ಟುವ ದಾರಕ್ಕೆ ‘ತಸುಕಿ’ ಅನ್ನುತ್ತಾರೆ, ಇದು ಬೆಂಕಿಯ ತಸುಕಿ. ಎಲ್ಲ ಅಡುಗೆಮನೆ, ಬಟ್ಟೆಬರೆಯ ಮಾತುಗಳೇ. ಹಾಗಿರುವಾಗ ಕನ್ನಡದಲ್ಲಿ ‘ಭಸ್ಮಬಿಂದು’ ಅಂತೆಲ್ಲ ಕಟ್ಟುವುದು ನನಗೆ ಸುತರಾಂ ಒಪ್ಪಿಗೆಯಿಲ್ಲ.

ಎರಡನೆಯದು ಆಕಾರದ್ದು, ಇದೇ ಜಾಸ್ತಿ ಕಷ್ಟ. ಟೋಕಿಯೊದ ಗೊತೊ ಮ್ಯೂಸಿಯಂನಲ್ಲಿ ಇಗಾದ ಒಂದು ನೀರಿನ ಪಾತ್ರೆ ಇದೆ, ಹೆಸರು ‘ಯಾಬುರೆಬುಕುರೊ’, ಹರಿದ ಚೀಲ ಅಂತ. ಸುಡುವಾಗ ದೊಡ್ಡದಾಗಿ ಬಿರುಕು ಬಿಟ್ಟು, ಮೈ ಜಗ್ಗಿ, ಹೊಟ್ಟೆ ಕೆಳಗಿಳಿದು ಕೂತಿದೆ. ಅದನ್ನು ಎಸೆಯಲಿಲ್ಲ, ಟೀ ಸಮಾರಂಭದವರು, ಅಂದರೆ ಚಹಾ ಮಾಡಿ ಕೊಡುವುದನ್ನೇ ಒಂದು ಕಲೆಯ ಹಾಗೆ ಆಚರಿಸುವವರು, ಮೆಚ್ಚಿ ಇಟ್ಟುಕೊಂಡರು. ಇಂಥದ್ದಕ್ಕೆ ‘ಮಾಟ’ ಅನ್ನಬಹುದಾ? ಮೂಗು ಮಾಟವಾಗಿದೆ ಅಂದರೆ ತಿದ್ದಿ ತೀಡಿದ ಹಾಗಿದೆ ಅಂತ ತಾನೇ? ಸೊಟ್ಟಗಿದ್ದೂ ಮಾಟವಾಗಿರುವುದು ನಮ್ಮ ಮಾತಿನಲ್ಲಿ ಸಾಧ್ಯವಾ, ಅಥವಾ ಪದವೇ ಅಡ್ಡ ಬರುತ್ತದಾ? ಜೊತೆಗೆ ಮಾಟ-ಮಂತ್ರದ ನೆನಪು ಬೇರೆ. ‘ಆಕಾರ’ ಸಪ್ಪೆ. ‘ವಕ್ರ’ ಅಂದರೆ ಬೈದ ಹಾಗೆ. ‘ನಿಲುವು’ ಅನ್ನೋಣ ಅಂತಲೂ ಅನಿಸಿತು, ಪಾತ್ರೆ ನೆಲದ ಮೇಲೆ ಹೇಗೆ ಕೂತಿದೆ ಅನ್ನುವುದೂ ಅದರಲ್ಲಿ ಬರುತ್ತದೆ. ಆದರೆ ಪತ್ರಿಕೆಯವರು ಅದನ್ನು ಅಭಿಪ್ರಾಯ ಅನ್ನುವ ಅರ್ಥಕ್ಕೆ ಸವೆಸಿಬಿಟ್ಟಿದ್ದಾರೆ, ಅಲ್ವಾ?

ಕುಂಬಾರಿಕೆಯ ಮನೆಯವರು ಇಲ್ಲಿದ್ದರೆ ಒಂದು ವಿಷಯ ಹೇಳಿ. ಆವಗೆ ಬಿಚ್ಚಿದಾಗ ಒಂದು ಕಡೆ ಕಪ್ಪಾದ, ಹೊಗೆ ಹಿಡಿದ, ಸೊಟ್ಟಗಾದ ಮಡಕೆಗಳಿಗೆ ನಿಮ್ಮಲ್ಲಿ ಬೇರೆ ಬೇರೆ ಹೆಸರಿವೆಯಾ? ಬೈಗುಳವಾದರೂ ಪರವಾಗಿಲ್ಲ, ಬರೆಯಿರಿ.