ರಸ್ತೆ ಬೋರ್ಡ್ ನೋಡಿ ನೋಡಿ ಪಂಚಾಯ್ತಿಗೆ ನಿಲ್ಲೋ ಮನಸ್ಸಾಗಿದೆ, ನಿಲ್ಲಲಾ?

ನಮ್ದು ಮುಳಬಾಗಿಲು ಕಡೆ ಹಳ್ಳಿ. ಊರಿಗೆ ತಿರುಗೋ ಕ್ರಾಸಲ್ಲಿ 'ಅಪಘಾತ ವಲಯ, ನಿಧಾನವಾಗಿ ಚಲಿಸಿ' ಅಂತ ಬೋರ್ಡಿದೆ, ಅದರ ಮೇಲೆ ಯಾರದೋ ಹುಟ್ಟುಹಬ್ಬದ ಫ್ಲೆಕ್ಸ್ ಕಟ್ಟಿದಾರೆ, ಈಗ ಕಾಣೋದು 'ಚಲಿಸಿ' ಅಷ್ಟೇ, ಟೊಮೆಟೊ ಗಾಡಿಯೋರೂ ಹಂಗೇ ಚಲಿಸ್ತಾವ್ರೆ. ನಗು ಬರುತ್ತೆ, ಆದ್ರೆ ಸ್ಕೂಲ್ ಮಕ್ಕಳು ದಾಟೋದು ಅಲ್ಲೇ. ಗ್ರಾಮ ಪಂಚಾಯ್ತಿ ಎಲೆಕ್ಷನ್ನಿಗೆ ನಿಲ್ಲಣ ಅಂತಿದೀನಿ, ಮನೇಲಿ ಬೇಡ ಅಂತಾರೆ. ಏನಂತೀರಾ?

ಉತ್ತರ 1:
ನಿಲ್ಲಿ ಅಣ್ಣ. 21 ವರ್ಷ ತುಂಬಿರ್ಬೇಕು, ಆ ಪಂಚಾಯ್ತಿ ವೋಟರ್ ಲಿಸ್ಟಲ್ಲಿ ಹೆಸರಿರ್ಬೇಕು. ಪಾರ್ಟಿ ಟಿಕೆಟ್‌ಗೆ ಯಾರ ಮನೆ ಬಾಗಿಲಿಗೂ ಹೋಗೋದು ಬೇಡ, ಅಲ್ಲಿ ಪಾರ್ಟಿ ಚಿಹ್ನೆನೇ ಇರಲ್ಲ. ಮೀಸಲಾತಿ ಪಟ್ಟಿ ನೋಡ್ಕೊಳ್ಳಿ, ಮಹಿಳಾ ಸೀಟಾದ್ರೆ ಅತ್ತಿಗೆ ನಿಲ್ಲಲಿ.

ಉತ್ತರ 2:
ಫ್ಲೆಕ್ಸ್ ತೆಗೆಸೋಕೆ ಗೆಲ್ಲೋವರೆಗೂ ಕಾಯ್ಬೇಡಿ ಸಾರ್, ಮಕ್ಕಳು ನಾಳೆನೂ ದಾಟ್ತಾರೆ. ನ್ಯಾಷನಲ್ ಹೈವೇ ಬೋರ್ಡಾದ್ರೆ 1033ಗೆ ಫೋನ್ ಮಾಡಿ, ಊರೊಳಗಿನ ರಸ್ತೆಯಾದ್ರೆ ಪಿಡಿಓಗೆ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಅರ್ಜಿ ಕೊಟ್ಟು ಸೀಲ್ ಹಾಕಿಸ್ಕೊಳ್ಳಿ, ಬಾಯಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ.

ಉತ್ತರ 3:
ನಮ್ಮೂರಲ್ಲಿ 'ಮುಂದೆ ಹಂಪ್ ಇದೆ' ಅನ್ನೋ ಬೋರ್ಡು ಹಂಪ್ ದಾಟಿದ್ಮೇಲೆ ಸಿಗುತ್ತೆ, ಹಿಂದೆ ಕೂತೋರು ಎಗರಿ ಕೂತ್ಮೇಲೆ ಓದ್ಕೋಬೇಕು 😄 ಮನೆಯೋರು ಹೆದ್ರೋದು ಖರ್ಚಿಗೆ. ಬಾಡೂಟ ಹಾಕ್ಸಲ್ಲ, ದುಡ್ಡು ಹಂಚಲ್ಲ ಅಂತ ಮೊದ್ಲೇ ಹೇಳ್ಬಿಡಿ, ಒಪ್ತಾರೆ.