ನಾಲ್ಕು ಮಹಡಿಯ ಕಚೇರಿಗೆ ಯಾವ ನೆಟ್‌ವರ್ಕ್ ಸ್ವಿಚ್? ಹಾಕಿಸಿದವರು ಅನುಭವ ಹೇಳಿ

ಲೆಕ್ಕದವನು:
ನಮ್ಮದು ಸಣ್ಣ ಕಚೇರಿ. ನಾಲ್ಕು ಮಹಡಿ, ನಲವತ್ತೈದು ಜನ. ಇಂಟರ್ನೆಟ್ ಬಂದು ಸೇರುವುದು ಕೆಳಗಿನ ಮಹಡಿಗೆ. ಈಗಿರುವುದು ಮಹಡಿಗೊಂದು ಎಂಟು ಪೋರ್ಟಿನ ಡಬ್ಬಿ, ಸಾಲದ ಕಡೆ ಅದರ ಬಾಲಕ್ಕೆ ಇನ್ನೊಂದು. ಎಲ್ಲ ತೆಗೆದು ಹೊಸದು ಹಾಕಬೇಕು. ಮಹಡಿಗೆ ಎರಡರಂತೆ ವೈಫೈ ಆಕ್ಸೆಸ್ ಪಾಯಿಂಟ್, ಒಟ್ಟು ಆರು ಕ್ಯಾಮೆರಾ, ಹನ್ನೆರಡು ಐಪಿ ಫೋನ್ ಬರಲಿವೆ. ಮಹಡಿಗೆ 24 ಪೋರ್ಟ್ ಸಾಕಾ? ಮ್ಯಾನೇಜ್ಡ್, ಅಂದರೆ ಸೆಟ್ಟಿಂಗ್ ಬದಲಿಸಬಹುದಾದ ಸ್ವಿಚ್, ಬೇಕೇ ಬೇಕಾ? ಐಟಿಗೆ ಅಂತ ಯಾರೂ ಇಲ್ಲ, ಲೆಕ್ಕ ಬರೆಯುವ ನಾನೇ ಇದನ್ನೂ ನೋಡಿಕೊಳ್ಳಬೇಕು.

ಲೂಪ್‌ನಲ್ಲಿ ಬಿದ್ದವನು:
ಮ್ಯಾನೇಜ್ಡ್ ಬೇಕಾ ಅಂತ ಯಾರಾದರೂ ಕೇಳಿದರೆ ನನಗೆ ಆ ಮೂರು ದಿನ ನೆನಪಾಗುತ್ತದೆ. ನಮ್ಮದು ಐದು ಮಹಡಿ, ಎಲ್ಲ ಕಡೆ ಅಗ್ಗದ ಅನ್‌ಮ್ಯಾನೇಜ್ಡ್. ಒಂದು ಸೋಮವಾರ ಬೆಳಗ್ಗೆ ಇಡೀ ಕಟ್ಟಡದ ನೆಟ್‌ವರ್ಕ್ ನಿಂತುಹೋಯಿತು. ಮೊದಲ ದಿನ ಇಂಟರ್ನೆಟ್ ಕೊಟ್ಟವರ ಜೊತೆ ಜಗಳ. ಎರಡನೇ ದಿನ ರೂಟರ್ ಬದಲಿಸಿದೆವು. ಹಳೆಯದಕ್ಕೆ ಏನೂ ಆಗಿರಲಿಲ್ಲ, ಈಗಲೂ ನನ್ನ ಮೇಜಿನ ಕೆಳಗೆ ಕಾಲಿಗೆ ತಾಗುತ್ತಿರುತ್ತದೆ. ಮೂರನೇ ದಿನ ಒಂದೊಂದೇ ವೈರ್ ಕೀಳುತ್ತಾ ಹೋದೆ. 61ನೇ ವೈರ್ ಕಿತ್ತಾಗ ಸ್ವಿಚ್ಚಿನ ದೀಪಗಳು ಸುಮ್ಮನಾದವು. ಐಪಿ ಫೋನಿನ ಹಿಂದೆ ಎರಡು ಪೋರ್ಟ್ ಇರುತ್ತವಲ್ಲ, ಒಂದು ಗೋಡೆಗೆ, ಒಂದು ಕಂಪ್ಯೂಟರಿಗೆ. ಮೇಜು ಒರೆಸುವಾಗ ಯಾರೋ ಪಾಪ, ಎರಡನ್ನೂ ಗೋಡೆಗೇ ಚುಚ್ಚಿದ್ದರು. ಅಲ್ಲಿಗೆ ಲೂಪ್ ಆಯಿತು, ಹೋದದ್ದು ಸುತ್ತಿ ಅಲ್ಲಿಗೇ ಬರುತ್ತದೆ. ಈಥರ್ನೆಟ್ ಫ್ರೇಮಿಗೆ, ಅಂದರೆ ತಂತಿಯಲ್ಲಿ ಓಡುವ ಡೇಟಾ ತುಂಡಿಗೆ, ಆಯುಷ್ಯ ಅಂತ ಇಲ್ಲ. ಐಪಿ ಪ್ಯಾಕೆಟ್ ಎಲ್ಲೋ ಒಂದು ಕಡೆ ಸಾಯುತ್ತದೆ, ಇದು ಸುತ್ತುತ್ತಲೇ ಇರುತ್ತದೆ. ಮೂರು ದಿನ ಬಿಲ್ ಕೈಯಲ್ಲಿ ಬರೆದೆವು. ಆ ನಷ್ಟದಲ್ಲಿ, ಲೂಪ್ ಕಂಡರೆ ಒಂದು ದಾರಿ ತಾನೇ ಮುಚ್ಚುವ ಸ್ಪ್ಯಾನಿಂಗ್ ಟ್ರೀ ಇರುವ ಸ್ವಿಚ್ ಮಹಡಿಗೆ ಎರಡೆರಡು ಬರುತ್ತಿದ್ದವು.

ಹಳೇ ಮ್ಯಾಕ್:
ಸ್ಪ್ಯಾನಿಂಗ್ ಟ್ರೀ ಇದ್ದರೆ ಎಲ್ಲ ಸರಿಹೋಯಿತು ಅಂತ ಹೇಳಿ ಜನರ ದಾರಿ ತಪ್ಪಿಸಬೇಡಿ ಸರ್. ನಾವೂ ಹಾಗೇ ನಂಬಿದ್ದೆವು. ಒಂದು ತಂತಿ ಹೋದರೆ ಇನ್ನೊಂದು ಇರಲಿ ಅಂತ ಮಹಡಿಗಳ ನಡುವೆ ಉಂಗುರದ ಹಾಗೆ ಕೇಬಲ್ ಎಳೆಸಿದೆವು. ಯಾವ ಸ್ವಿಚ್ ಯಜಮಾನ (ರೂಟ್) ಅಂತ ತೀರ್ಮಾನಿಸುವ ಪ್ರಯಾರಿಟಿ ಸಂಖ್ಯೆ ಮುಟ್ಟಲಿಲ್ಲ. ಚಿಕ್ಕ ಸಂಖ್ಯೆಯದೇ ಗೆಲ್ಲುತ್ತದೆ. ಎಲ್ಲ ಸ್ವಿಚ್ಚಿನಲ್ಲೂ ಅದು ಮೊದಲಿನಿಂದ 32768. ಸಮ ಬಂದರೆ ಯಾರ ಮ್ಯಾಕ್ ವಿಳಾಸ (ಕಾರ್ಖಾನೆಯಲ್ಲೇ ಕೊಟ್ಟ ನಂಬರು) ಚಿಕ್ಕದೋ ಅವರೇ ಯಜಮಾನ. ನಮ್ಮಲ್ಲಿ ಚಿಕ್ಕದು ಇದ್ದದ್ದು ಯಾರಿಗೆ? ಮೇಲಿನ ಸ್ಟೋರ್ ರೂಮಿನಲ್ಲಿ ಧೂಳು ತಿನ್ನುತ್ತಿದ್ದ, ಎಲ್ಲಕ್ಕಿಂತ ಹಳೆಯ, 100 ಮೆಗಾಬಿಟ್ಟಿನ ಸ್ವಿಚ್ಚಿಗೆ! ಅದು ರೂಟ್ ಆಗಿ ಕೂತಿತು. ಗಿಗಾಬಿಟ್ ಕೇಬಲ್ಲುಗಳಲ್ಲಿ ಒಂದು ಬ್ಲಾಕ್ ಆಯಿತು, ಅರ್ಧ ಕಚೇರಿಯ ಫೈಲೆಲ್ಲ ಆ ಮುದುಕನ ಮೂಲಕ ಹತ್ತಿ ಇಳಿಯುತ್ತಿದ್ದವು. ಗೊತ್ತಾಗಲು ಏಳು ತಿಂಗಳು ಬೇಕಾಯಿತು. ಆಮೇಲೆ ಕೆಳಗಿನ ಸ್ವಿಚ್ಚಿಗೆ 4096 ಅಂತ ಕೊಟ್ಟೆ. ಎರಡು ನಿಮಿಷದ ಕೆಲಸ.

ಲೂಪ್‌ನಲ್ಲಿ ಬಿದ್ದವನು:
ಸೆಟ್ಟಿಂಗ್ ನೋಡದೆ ಇದ್ದದ್ದು ನೀವು, ಬೈಸಿಕೊಳ್ಳುವುದು ಸ್ವಿಚ್ಚು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಹಳೇ ಮ್ಯಾಕ್:
ಮೂರು ದಿನ ವೈರ್ ಎಣಿಸಿದವರು ಇದನ್ನು ಹೇಳಬೇಕು.

ವ್ಯಾಟ್ ಲೆಕ್ಕ:
ಇವರಿಬ್ಬರನ್ನು ಬಿಡಿ. ಪಿಓಇ, ಅಂದರೆ ನೆಟ್‌ವರ್ಕ್ ತಂತಿಯಲ್ಲೇ ಕರೆಂಟೂ ಕೊಡುವ ಸ್ವಿಚ್, ತೆಗೆದುಕೊಳ್ಳುವವರು ಪೋರ್ಟ್ ಎಣಿಸಬೇಡಿ, ವ್ಯಾಟ್ ಎಣಿಸಿ. ನಾನು 24 ಪೋರ್ಟೂ ಪಿಓಇ ಅಂತ ಖುಷಿಯಲ್ಲಿ ತಂದೆ. ಒಟ್ಟು ಕೊಡುವುದು 190 ವ್ಯಾಟ್ ಅಂತ ಡಬ್ಬದ ಮೇಲೇ ಇತ್ತು, ಯಾರು ಓದುತ್ತಾರೆ? ನಾಲ್ಕು ಆಕ್ಸೆಸ್ ಪಾಯಿಂಟ್ ತಲಾ 22 ವ್ಯಾಟ್, ಅಂದರೆ 88. ಒಂಬತ್ತು ಕ್ಯಾಮೆರಾ ಹಗಲಲ್ಲಿ ತಲಾ 5, ಅಂದರೆ 45. ಒಟ್ಟು 133. ಹಗಲೆಲ್ಲ ಚಿನ್ನದಂಥ ಕೆಲಸ. ಕತ್ತಲಾಗುತ್ತಿದ್ದ ಹಾಗೆ ಕ್ಯಾಮೆರಾಗಳ ಇನ್‌ಫ್ರಾರೆಡ್ ದೀಪ ಹತ್ತುತ್ತದೆ, ತಲಾ 12 ಆಗುತ್ತದೆ. 108ಕ್ಕೆ 88 ಸೇರಿಸಿ: 196. ಕೊನೆಯ ಪೋರ್ಟಿನ ಕ್ಯಾಮೆರಾ ಸತ್ತು, ಎದ್ದು, ದೀಪ ಹಚ್ಚಿ, ಮತ್ತೆ ಸಾಯುತ್ತಿತ್ತು. ರಾತ್ರಿಯಿಡೀ ಇದೇ. ನಾವು ಕ್ಯಾಮೆರಾ ಕೆಟ್ಟಿದೆ ಅಂತ ಎರಡು ಸಲ ಬದಲಿಸಿದೆವು. ಆರು ವ್ಯಾಟಿಗೋಸ್ಕರ! ಆ ಕ್ಯಾಮೆರಾ ನೋಡುತ್ತಿದ್ದದ್ದು ಗೋದಾಮಿನ ಹಿಂಬಾಗಿಲನ್ನು.

ಇನ್ನೊಂದು. ಹಳೆಯ ಪಿಓಇ ನಿಯಮದ (802.3ಎಎಫ್) ಪೋರ್ಟ್ ಕೊಡುವುದು 15.4 ವ್ಯಾಟ್, ತಂತಿಯಲ್ಲಿ ಕಳೆದು ಸಾಧನಕ್ಕೆ ಖಾತ್ರಿಯಾಗಿ ಸಿಗುವುದು 12.95. ಅದರ ನಂತರದ ಎಟಿ ಆದರೆ 30, ಸಿಗುವುದು 25.5. ಈಗಿನ ವೈಫೈ ಆಕ್ಸೆಸ್ ಪಾಯಿಂಟುಗಳು ಹೆಚ್ಚಿನವು ಎಎಫ್‌ನಲ್ಲಿ ಪೂರ್ತಿ ಏಳುವುದಿಲ್ಲ.

ಸೆಕೆಂಡ್ ಹ್ಯಾಂಡ್ ಸುಖಿ:
ಹೊಸದು ಯಾಕೆ? ದೊಡ್ಡ ಕಚೇರಿಗಳು ಬಿಸಾಡಿದ 48 ಪೋರ್ಟಿನ ಸ್ವಿಚ್ ಐದು ತಂದೆ. ನಾಲ್ಕು ಹಾಕಿದೆ, ಒಂದು ಕಪಾಟಿನಲ್ಲಿ. ಆರು ವರ್ಷವಾಯಿತು. ಒಂದರ ಪವರ್ ಸಪ್ಲೈ ಹೋಯಿತು, ಕಪಾಟಿನದನ್ನು ತೆಗೆದು ಹಾಕಿದೆ, ಅರ್ಧ ಗಂಟೆ. ಹೊಸ ಸ್ವಿಚ್ಚಿನವರು ವಾರಂಟಿಗೆ ಕಳಿಸಿ ಹದಿನೈದು ದಿನ ಕಾಯುತ್ತಾರೆ. ಮೇಲೆ ಗರ್ವ ಬೇರೆ.

ಮೂರನೇ ಮಹಡಿ ಮೇಡಂ:
ಫ್ಯಾನಿನ ಸದ್ದು ಹೇಳಲೇ ಇಲ್ಲವಲ್ಲ ಸರ್? ನಮ್ಮ ಯಜಮಾನರೂ ಹೀಗೇ ಒಂದು ತಂದು ನನ್ನ ಮೇಜಿನ ಪಕ್ಕದ ಕಪಾಟಿನಲ್ಲಿಟ್ಟರು. ವಿಮಾನ ಏಳುವ ಹಾಗೆ ಸದ್ದು. ಫೋನಿನಲ್ಲಿ ಗಿರಾಕಿಗಳು ‘ಎಲ್ಲಿ ನಿಂತು ಮಾತಾಡುತ್ತಿದ್ದೀರಿ’ ಅಂತ ಕೇಳುತ್ತಿದ್ದರು. ಸದ್ದು ತಡೆಯಲಾರದೆ ಕಪಾಟಿನ ಬಾಗಿಲು ಮುಚ್ಚಿದೆವು. ಬೇಸಗೆಯಲ್ಲಿ ಒಳಗೆ ಬೆಂದು ತಾನಾಗಿಯೇ ಆಫ್ ಆಗತೊಡಗಿತು. ಮಹಡಿಗಳಿಗೆ ಫ್ಯಾನ್ ಇಲ್ಲದ್ದನ್ನೇ ತೆಗೆದುಕೊಳ್ಳಿ.

ಸೆಕೆಂಡ್ ಹ್ಯಾಂಡ್ ಸುಖಿ:
ಬಾಗಿಲು ಮುಚ್ಚಿದ್ದು ನಾನಲ್ಲ ಮೇಡಂ.

ಸುಟ್ಟ ಪೋರ್ಟ್:
ಯಾರೂ ಫೈಬರ್ ಮಾತೇ ಎತ್ತಿಲ್ಲ. ಮಹಡಿಯಿಂದ ಮಹಡಿಗೆ ತಾಮ್ರ ಎಳೆಯಬೇಡಿ. ಒಂದು ಸಿಡಿಲಿಗೆ ನಮ್ಮ ಮೇಲಿನ ಸ್ವಿಚ್ಚಿನಲ್ಲಿ ಎರಡು ಪೋರ್ಟ್, ಕೆಳಗಿನದರಲ್ಲಿ ಎರಡು ಪೋರ್ಟ್, ಜೊತೆಗೆ ರೂಟರ್ ಸುಟ್ಟವು. ಉಳಿದ ಪೋರ್ಟುಗಳು ಎರಡು ತಿಂಗಳಲ್ಲಿ ಒಂದೊಂದಾಗಿ ಹೋದವು. ಅದೇ ಜಾಸ್ತಿ ನೋವು, ಒಮ್ಮೆಗೇ ಸತ್ತಿದ್ದರೆ ಒಮ್ಮೆಗೇ ಬದಲಿಸುತ್ತಿದ್ದೆವು. ಈಗ ಎಸ್‌ಎಫ್‌ಪಿ ಪ್ಲಸ್ (ಫೈಬರ್ ಸೇರಿಸುವ ಕಿಂಡಿ) ಇರುವ ಸ್ವಿಚ್, ನಡುವೆ ಓಎಂ3 ಫೈಬರ್. ಅದರಲ್ಲಿ 10 ಗಿಗಾಬಿಟ್ 300 ಮೀಟರ್ ಹೋಗುತ್ತದೆ.

ಕೇಬಲ್ ಎಳೆಯುವವನು:
ನಾಲ್ಕು ಮಹಡಿ ಅಂದರೆ ಹದಿನೈದು ಮೀಟರ್ ಅಣ್ಣ. ಅದಕ್ಕೆ 300 ಮೀಟರಿನ ಮಾತು ಯಾಕೆ? ಕ್ಯಾಟ್ 6 ತಾಮ್ರದ ಕೇಬಲ್ಲಿನಲ್ಲೇ 55 ಮೀಟರ್ ತನಕ 10 ಗಿಗಾಬಿಟ್ ಬರುತ್ತದೆ. ಈಥರ್ನೆಟ್ ಪೋರ್ಟಿನೊಳಗೆ ಟ್ರಾನ್ಸ್‌ಫಾರ್ಮರ್ ಇದೆ, 1500 ವೋಲ್ಟ್ ತಡೆಯಬೇಕು ಅಂತ ನಿಯಮವೇ ಇದೆ. ಒಂದೇ ಕಟ್ಟಡದೊಳಗೆ, ಅರ್ಥಿಂಗ್ ಸರಿಯಿದ್ದರೆ ತಾಮ್ರಕ್ಕೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ.

ಸುಟ್ಟ ಪೋರ್ಟ್:
ನಮ್ಮ ಸಿಡಿಲು ಆ ನಿಯಮ ಓದಿರಲಿಲ್ಲ.

ಬೆಳ್ಳಿ ತಂತಿ:
ಕೇಬಲ್ ಎಳೆಯುವವರು ಬಂದಿರುವುದರಿಂದ ಕೇಳುತ್ತೇನೆ. ಅಲ್ಯೂಮಿನಿಯಂ ಮೇಲೆ ತಾಮ್ರದ ಲೇಪ ಇರುವ ತಂತಿಯನ್ನು ಕ್ಯಾಟ್ 6 ಅಂತ ಯಾಕೆ ಮಾರುತ್ತೀರಿ? ನಮಗೆ ಅದನ್ನೇ ಗೋಡೆಯೊಳಗೆ ಹಾಕಿ ಹೋದರು. ಒಳ್ಳೆಯ ಸ್ವಿಚ್ ತಂದು ಜೋಡಿಸಿದರೆ ಅರ್ಧ ಪೋರ್ಟ್ 100 ಮೆಗಾಬಿಟ್ಟಿನಲ್ಲೇ ನಿಲ್ಲುತ್ತಿದ್ದವು. ಗಿಗಾಬಿಟ್ಟಿಗೆ ನಾಲ್ಕು ಜೋಡಿಯೂ ಬೇಕು, 100ಕ್ಕೆ ಎರಡೇ ಸಾಕು. ಉಳಿದ ಜೋಡಿಗಳ ಒಂದು ಎಳೆ ಮುರಿದರೂ 100ರಲ್ಲಿ ಕೆಲಸ ನಡೆಯುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಸ್ವಿಚ್ ಎರಡು ಸಲ ವಾಪಸ್ ಮಾಡಿದೆ. ಕೊನೆಗೆ ತಂತಿಯ ತುದಿಯನ್ನು ಬ್ಲೇಡಿನಲ್ಲಿ ಕೆರೆದೆ, ಒಳಗೆ ಬೆಳ್ಳಗೆ. 38 ಕೇಬಲ್ ಕಿತ್ತು ಹೊಸದು ಎಳೆಸಿದೆವು, ಗೋಡೆಗೆ ಮತ್ತೆ ಬಣ್ಣ. ಸ್ವಿಚ್ಚಿಗಿಂತ ಬಣ್ಣಕ್ಕೇ ಜಾಸ್ತಿ ಆಯಿತು.

ಕೇಬಲ್ ಎಳೆಯುವವನು:
ನಾನು ಅದನ್ನು ಮುಟ್ಟುವುದೂ ಇಲ್ಲ. ಆದರೆ ‘ಇನ್ನೂ ಕಡಿಮೆ ಮಾಡಿ’ ಅಂತ ನಾಲ್ಕು ಸಲ ಚೌಕಾಶಿ ಮಾಡುವವರಿಗೆ ಏನು ಸಿಗುತ್ತದೆ ಅಂದುಕೊಂಡಿರಿ? ಏಣಿ ಹತ್ತುವುದು ನಾವು, ಬೈಸಿಕೊಳ್ಳುವುದೂ ನಾವು.

ಬೆಳ್ಳಿ ತಂತಿ:
ನಾನು ಚೌಕಾಶಿ ಮಾಡಿದೆ ಅಂತ ಯಾರು ಹೇಳಿದರು?

ಕೇಬಲ್ ಎಳೆಯುವವನು:
ಮಾಡಿಲ್ಲವಾ?

ಲೈಸೆನ್ಸ್ ನೊಂದವ:
ಆಪ್‌ನಲ್ಲಿ ನೋಡುವ ಕ್ಲೌಡ್ ಸ್ವಿಚ್ ಚಂದ ಅಂತ ಯಾರಾದರೂ ಹೇಳಿದರೆ, ಲೈಸೆನ್ಸ್ ಎಷ್ಟು ವರ್ಷಕ್ಕೆ, ಮುಗಿದರೆ ಏನಾಗುತ್ತದೆ ಅಂತ ಬರೆದು ಕೊಡಲು ಹೇಳಿ. ನಮ್ಮದು ಮುಗಿದ ವಾರವೇ ವಿಲ್ಯಾನ್ (ಒಂದೇ ಸ್ವಿಚ್ಚಿನಲ್ಲಿ ನೆಟ್‌ವರ್ಕ್ ಬೇರೆ ಬೇರೆ ಮಾಡುವ ಸೆಟ್ಟಿಂಗ್) ಬದಲಿಸಬೇಕಿತ್ತು. ಲಾಗಿನ್ ಆದರೆ ಒಂದೇ ಬಟನ್: ನವೀಕರಿಸಿ. ಕೊಂಡ ಪೆಟ್ಟಿಗೆಗೆ ಬಾಡಿಗೆ ಕಟ್ಟಿದ ಹಾಗಾಯಿತು. ಇದಕ್ಕಿಂತ ಜಾಸ್ತಿ ಬರೆಯಲಾರೆ, ಬಿಪಿ ಏರುತ್ತದೆ.

ಲೆಕ್ಕದವನು:
ಎಲ್ಲರಿಗೂ ಥ್ಯಾಂಕ್ಸ್. 24 ಸಾಕಾ ಅಂತ ಮಾತ್ರ ಇನ್ನೂ ಗೊತ್ತಾಗಲಿಲ್ಲ.

ವ್ಯಾಟ್ ಲೆಕ್ಕ:
ಮಹಡಿಗೆ ಹನ್ನೊಂದು ಹನ್ನೆರಡು ಜನ, ಎರಡು ಆಕ್ಸೆಸ್ ಪಾಯಿಂಟ್, ಒಂದೆರಡು ಕ್ಯಾಮೆರಾ, ಪ್ರಿಂಟರ್. ಹದಿನೈದರಿಂದ ಹದಿನೇಳು ಆಯಿತು. ಫೋನಿಗೆ ಬೇರೆ ಪೋರ್ಟ್ ಬೇಡ, ಕಂಪ್ಯೂಟರ್ ಅದರ ಹಿಂದೆಯೇ ಕೂರುತ್ತದೆ. 24 ಸಾಕು. ಬಾಲಕ್ಕೆ ಬಾಲ ಕಟ್ಟಬೇಡಿ, ಪ್ರತಿ ಮಹಡಿಯ ಕೇಬಲ್ಲೂ ನೇರ ಕೆಳಗಿನ ಸ್ವಿಚ್ಚಿಗೆ ಬರಲಿ. ಮಹಡಿಗೆ 130 ವ್ಯಾಟ್ ಇದ್ದರೆ ನಡೆಯುತ್ತದೆ, ರಾತ್ರಿಯ ಲೆಕ್ಕ ಹಾಕಿಕೊಳ್ಳಿ.

ಸೆಕೆಂಡ್ ಹ್ಯಾಂಡ್ ಸುಖಿ:
48 ತೆಗೆದುಕೊಳ್ಳಿ. ನನ್ನಲ್ಲಿ ಒಂದು ಇದೆ, ಪವರ್ ಸಪ್ಲೈ ಮಾತ್ರ ಹಾಕಿಸಬೇಕು.

ಮೂರನೇ ಮಹಡಿ ಮೇಡಂ:
ಕಿವಿಗೆ ಹತ್ತಿಯನ್ನೂ ಜೊತೆಗೆ ಕಳಿಸಿ.