ಇ-ಆರೋಗ್ಯ ದಾಖಲೆಯ 'ಯೂಸ್' ಅಳೆಯೋದಕ್ಕೆ ಯಾವ ಪದ: ಬಳಕೆನಾ, ಉಪಯೋಗನಾ, ಅಳವಡಿಕೆನಾ?

ಎಲ್ರಿಗೂ ನಮಸ್ಕಾರ. ಒಂದೇ ಒಂದು ಪದಕ್ಕೆ ಸಿಕ್ಕಾಕೊಂಡು ಕೂತಿದೀನಿ, ಬಲ್ಲವರು ಬಿಡಿಸಿಕೊಡಿ. ಸ್ವಲ್ಪ ಉದ್ದ ಆಗತ್ತೆ, ಬೇಜಾರು ಮಾಡ್ಕೋಬೇಡಿ.

ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ (ಅಭಿವೃದ್ಧಿಶೀಲ ಅನ್ನಬೇಕಾ ಬೇಡ್ವಾ ಅನ್ನೋ ಜಗಳ ಇನ್ನೊಂದಿನ ಆಡೋಣ) ಆಸ್ಪತ್ರೆಗೆ ಕಂಪ್ಯೂಟರ್ ಹಾಕಿ ರೋಗಿಗಳ ವಿವರ ಅದ್ರಲ್ಲೇ ಇಡೋ ವ್ಯವಸ್ಥೆ ಇದ್ಯಲ್ಲ, ಎಲೆಕ್ಟ್ರಾನಿಕ್ ಹೆಲ್ತ್ ರೆಕಾರ್ಡ್, ಅದನ್ನ ಅಲ್ಲಿನವರು ನಿಜವಾಗ್ಲೂ ಎಷ್ಟು ಯೂಸ್ ಮಾಡ್ತಿದಾರೆ ಅಂತ ಅಳೆಯೋದು ಹೇಗೆ ಅನ್ನೋದರ ಮೇಲೆ ಕನ್ನಡದಲ್ಲಿ ಒಂದು ಲೇಖನ ಬರೀತಿದೀನಿ. ತಲೆಬರಹದಲ್ಲೇ ನಿಂತ್ಹೋಯ್ತು. ಮೊದ್ಲು 'ವಿದ್ಯುನ್ಮಾನ ಆರೋಗ್ಯ ದಾಖಲೆಗಳ ಉಪಯೋಗ ಮಾಪನ' ಅಂತ ಬರ್ದೆ. ಓದಿದ್ರೆ ಕರೆಂಟ್ ಮೀಟರ್ ವಿಷ್ಯ ಇರ್ಬೇಕು ಅನ್ಸತ್ತೆ, ವಿದ್ಯುನ್ಮಾನದಲ್ಲೊಂದು 'ಮಾನ', ಮಾಪನದಲ್ಲೊಂದು ಅಳತೆ. ಅದಕ್ಕೆ ವಿದ್ಯುನ್ಮಾನ ಕೈಬಿಟ್ಟು 'ಇ-ಆರೋಗ್ಯ ದಾಖಲೆ' ಅಂತ ಇಟ್ಕೊಂಡೆ, ಅದ್ರ ಬಗ್ಗೆ ನಂಗೇನೂ ತಕರಾರಿಲ್ಲ.

ತಕರಾರಿರೋದು 'ಉಪಯೋಗ'ದ ಮೇಲೆ. ಕರಡು ಓದಿದ ಸ್ನೇಹಿತರೊಬ್ರು "ಓ, ಇದ್ರಿಂದ ರೋಗಿಗಳಿಗೆ ಏನು ಲಾಭ ಆಯ್ತು ಅಂತ ಲೆಕ್ಕ ಹಾಕ್ತಾರಾ?" ಅಂದ್ರು. ಅವರ ತಪ್ಪಲ್ಲ. ಮಾತಲ್ಲಿ 'ಏನು ಉಪಯೋಗ?' ಅಂದ್ರೆ 'ಏನು ಪ್ರಯೋಜನ?' ಅಂತಲೇ ಅರ್ಥ. ಈ ವಿಷ್ಯದಲ್ಲಿ ಅದೆರಡನ್ನ ಬೆರೆಸೋ ಹಾಗೇ ಇಲ್ಲ. ಡಿಲೋನ್ ಮತ್ತು ಮೆಕ್ಲೀನ್ ಅನ್ನೋ ಇಬ್ರು 1992ರಲ್ಲಿ ಮಾಹಿತಿ ವ್ಯವಸ್ಥೆ ಗೆದ್ದಿದೆಯಾ ಸೋತಿದೆಯಾ ಅಂತ ನೋಡೋಕೆ ಒಂದು ಮಾದರಿ ಕೊಟ್ರು, 2003ರಲ್ಲಿ ತಿದ್ದಿದ್ರು ಕೂಡ, ಅದ್ರಲ್ಲಿ ಯೂಸ್ ಅನ್ನೋದು ಒಂದು ಖಾನೆ, ಯೂಸ್ ಮಾಡಿದವರಿಗೆ ಸಮಾಧಾನ ಆಯ್ತಾ ಅನ್ನೋದು ಇನ್ನೊಂದು, ಕೊನೆಗೆ ಒಟ್ಟಾರೆ ಏನು ಲಾಭ ಅನ್ನೋದು ಬೇರೇನೇ ಒಂದು. ಎರಡು ಖಾನೆಗೆ ಒಂದೇ ಪದ ಹಾಕಿದ್ರೆ ಲೇಖನ ಅಲ್ಲಿಗೇ ಕೆಟ್ಟಂಗೆ. ಹಾಗಾಗಿ ಉಪಯೋಗ ಔಟ್. ನಿಮಗೆ ಒಪ್ಪಿಗೆ ಇಲ್ಲದಿದ್ರೆ ಹೇಳಿ, ಆದ್ರೆ ನನ್ನ ಮನಸ್ಸು ಬದಲಾಯಿಸೋದು ಕಷ್ಟ.

ಆಮೇಲೆ 'ಅಳವಡಿಕೆ'. ಸರ್ಕಾರಿ ಪ್ರಕಟಣೆಗಳಿಗೆ ಪ್ರೀತಿಯ ಪದ. ಇಷ್ಟು ಆಸ್ಪತ್ರೆಯಲ್ಲಿ ತಂತ್ರಾಂಶ ಅಳವಡಿಸಲಾಗಿದೆ ಅಂತ ಬರೀತಾರೆ, ಆದ್ರೆ ಅಳವಡಿಸಿದ್ದು ಓಡ್ತಿದೆಯಾ, ಮೇಲೆ ಬಟ್ಟೆ ಹೊದ್ದು ಮಲಗಿದೆಯಾ ಅನ್ನೋದು ಆ ಪದದಲ್ಲಿ ಬರೋದೇ ಇಲ್ಲ. ಎಷ್ಟು ದೇಶ, ಎಷ್ಟು ಆಸ್ಪತ್ರೆ ಅಂತ ಎಣಿಸೋದು ಸುಲಭ, ಹಾಕಿಸಿದವರಿಗೆ ತೋರಿಸ್ಕೊಳೋಕೂ ಅನುಕೂಲ. ಯೂಸ್ ಅಳೀಬೇಕು ಅಂತ ಹಠ ಹಿಡಿದವರ ಮುಖ್ಯ ದೂರೇ ಅದು, ಅಳವಡಿಕೆ ಎಣಿಸಿ ಬಳಕೆ ಅಂತ ಕರೀಬೇಡಿ ಅಂತ.

ಹಾಗಾದ್ರೆ 'ಬಳಕೆ' ಅಂತ ಮುಗಿಸಿಬಿಡೋಣ ಅಂದ್ಕೊಂಡ್ರೆ ಅಸಲಿ ಮಜಾ ಶುರುವಾಗೋದೇ ಇಲ್ಲಿ. 'ಬಳಸು' ಅಂದ್ರೆ ಯೂಸ್ ಮಾಡು ಅಂತ ಮಾತ್ರ ಅಲ್ಲ, ಸುತ್ತು ಹಾಕು ಅಂತಲೂ ಇದೆ. ಸುತ್ತಿ ಬಳಸಿ ಮಾತಾಡೋದು, ಬಳಸುದಾರಿ ಹಿಡಿಯೋದು. ಇ-ಆರೋಗ್ಯ ದಾಖಲೆ ಇರೋ ಕಡೆ ನಡೆಯೋದೂ ಎಷ್ಟೋ ಸಲ ಅದೇ. ಡಾಕ್ಟರ್ ಕಾಗದದ ಫಾರಂ ಮೇಲೆ ಬರೀತಾರೆ, ಸಂಜೆಗೋ ವಾರ ಬಿಟ್ಟೋ ಡೇಟಾ ಎಂಟ್ರಿ ಮಾಡೋವ್ರು ಅದನ್ನ ಕಂಪ್ಯೂಟರಿಗೆ ಹಾಕ್ತಾರೆ. ಇದೇನು ಕಳ್ಳತನ ಅಲ್ಲ, ಬೇಕಂತಲೇ ಹಾಗೆ ಕಟ್ಟಿದ ವ್ಯವಸ್ಥೆಗಳೂ ಇವೆ. ಕೀನ್ಯಾದ ಮೊಸೊರಿಯಟ್ ಅನ್ನೋ ಹಳ್ಳಿ ಕಡೆಯ ಆರೋಗ್ಯ ಕೇಂದ್ರದಲ್ಲಿ 2001ರಲ್ಲಿ ಒಂದು ವ್ಯವಸ್ಥೆ ಶುರುವಾಯ್ತು, ಅದೇ ದಾರಿಯಲ್ಲಿ ಮುಂದೆ ಓಪನ್‌ಎಂಆರ್‌ಎಸ್ ಅನ್ನೋ ರೋಗಿ ದಾಖಲೆ ತಂತ್ರಾಂಶ ಬಂತು, 2006ರಲ್ಲಿ ಅದೇ ದೇಶದ ಎಲ್ಡೊರೆಟ್ ಊರಲ್ಲಿ ಓಡೋಕೆ ಶುರುವಾಯ್ತು. ಅಲ್ಲಿನ ಎಚ್‌ಐವಿ ಕ್ಲಿನಿಕ್ಕುಗಳಲ್ಲಿ ಫಾರಂ ತುಂಬ್ತಿದ್ದವರು ಒಬ್ರು, ಟೈಪ್ ಮಾಡ್ತಿದ್ದವರು ಇನ್ನೊಬ್ರು. ಮಲಾವಿಯಲ್ಲಿ ಬಾವೊಬಾಬ್ ಹೆಲ್ತ್ ಅನ್ನೋ ಸಂಸ್ಥೆ ಇದಕ್ಕೆ ಉಲ್ಟಾ ಹೋಗಿ, ಟಚ್‌ಸ್ಕ್ರೀನ್ ಇಟ್ಟು, ರೋಗಿ ಎದುರಿಗೇ ನರ್ಸು ಒತ್ತಿ ಒತ್ತಿ ತುಂಬೋ ಹಾಗೆ ಮಾಡ್ತು, ಕರೆಂಟ್ ಹೋದ್ರೂ ನಿಲ್ಲಬಾರದು ಅಂತ ಬ್ಯಾಟರಿ ಕೂಡ ಇಟ್ಟಿದ್ರು. ಎರಡರಲ್ಲೂ ದಾಖಲೆ ಕಂಪ್ಯೂಟರ್‌ನಲ್ಲಿದೆ. ಎರಡೂ 'ಬಳಕೆ'ನೇನಾ? ಮೊದಲ್ನೇದರಲ್ಲಿ ಡಾಕ್ಟರ್ ಬಳಸಿದ್ದು ಪೆನ್ನು, ಕಂಪ್ಯೂಟರ್ ಬಳಸಿದ್ದು ಗುಮಾಸ್ತರು.

ಅದಕ್ಕೇ ಅಳೆಯೋವ್ರು ಒಂದೇ ಸಂಖ್ಯೆ ನಂಬಲ್ಲ. ಹೊರರೋಗಿಗಳ ರಿಜಿಸ್ಟರ್ ಪುಸ್ತಕದಲ್ಲಿ ಒಂದು ದಿನ 200 ಜನ ಬಂದ್ರು ಅಂದ್ಕೊಳಿ, ಕಂಪ್ಯೂಟರ್‌ನಲ್ಲಿ ಆ ದಿನದ ಭೇಟಿ 140, ಅದ್ರಲ್ಲಿ ಅವತ್ತೇ ತುಂಬಿದ್ದು 60. ಈಗ ಬಳಕೆ ಎಷ್ಟು? ನೂರಕ್ಕೆ 70 ಅಂತೀರಾ 30 ಅಂತೀರಾ? ಲಾಗಿನ್ ಎಣಿಸೋಣ ಅಂದ್ರೆ ಒಬ್ರ ಪಾಸ್‌ವರ್ಡ್‌ನಲ್ಲಿ ಐದು ಜನ ಕೂತಿರ್ತಾರೆ. ಜನರನ್ನೇ ಕೇಳೋಣ ಅಂದ್ರೆ "ದಿನಾ ಬಳಸ್ತೀವಿ ಸಾರ್" ಅಂತಾರೆ, ಮೇಲಿಂದ ಆರ್ಡರ್ ಇದ್ದಾಗ ಇನ್ನೇನಂತಾರೆ ಪಾಪ. ಕಡ್ಡಾಯ ಅಂತ ಮಾಡಿದ ಕಡೆ ಎಷ್ಟು ಸಲ ತೆರೆದ್ರು ಅನ್ನೋ ಲೆಕ್ಕ ಏನೂ ಹೇಳಲ್ಲ. ಇಲಾಖೆಗೆ ಕಳಿಸೋ ತಿಂಗಳ ವರದಿ ಈ ವ್ಯವಸ್ಥೆಯಿಂದ ಬರತ್ತಾ, ಇಲ್ಲ ಇನ್ನೂ ಪುಸ್ತಕ ನೋಡಿ ಕೂಡ್ತಾರಾ ಅಂತ ನೋಡೋದು ನನ್ನ ಪ್ರಕಾರ ಒಳ್ಳೇ ಪರೀಕ್ಷೆ, ಯಾಕಂದ್ರೆ ನಂಬಿಕೆ ಎಲ್ಲಿದೆ ಅನ್ನೋದು ಅಲ್ಲಿ ಗೊತ್ತಾಗಿಬಿಡತ್ತೆ.

ಈಗ ಪದಗಳಿಗೆ ಬರ್ತೀನಿ. ರೋಗಿ ಎದುರಿಗೇ ತುಂಬೋದಕ್ಕೂ ಆಮೇಲೆ ತುಂಬೋದಕ್ಕೂ ಎರಡು ಚಿಕ್ಕ ಪದ ಬೇಕು. ಎರಡನೇದಕ್ಕೆ 'ಪೂರ್ವಾನ್ವಯ ದಾಖಲೀಕರಣ' ಅಂತ ಒಬ್ರು ಸೂಚಿಸಿದ್ರು, ಸಂಬಳ ಬಾಕಿ ಆದೇಶ ನೆನಪಾಯ್ತು. ನಾನು ಸದ್ಯಕ್ಕೆ 'ಎದುರುದಾಖಲು', 'ಹಿಂದಾಖಲು' ಅಂತ ಇಟ್ಕೊಂಡಿದೀನಿ, ಎರಡನೇದು ಬಾಯಿಗೆ ಬರ್ತಿಲ್ಲ.

'ದಾಖಲು' ಅಂದಕೂಡ್ಲೇ ಇನ್ನೊಂದು ತಲೆನೋವು. ಅರಬ್ಬೀ ಮೂಲದಲ್ಲಿ ಅದು ಒಳಗೆ ಹೋಗೋದು, ಪ್ರವೇಶ. ಕನ್ನಡದಲ್ಲಿ ಎರಡು ಕವಲೂ ಉಳ್ಕೊಂಡಿವೆ: ರೋಗಿ ಆಸ್ಪತ್ರೆಗೆ ದಾಖಲಾಗ್ತಾನೆ, ರೋಗಿ ವಿವರ ಪುಸ್ತಕದಲ್ಲಿ ದಾಖಲಾಗತ್ತೆ. 'ದಾಖಲಾತಿ' ಇನ್ನೂ ಮೋಸ, ಶಾಲೆ ವಿಷ್ಯದಲ್ಲಿ ಸೇರ್ಪಡೆ, ಕಚೇರಿಯಲ್ಲಿ ಕಾಗದಪತ್ರ. ನನ್ನ ಲೇಖನದಲ್ಲಿ 'ರೋಗಿಗಳ ದಾಖಲಾತಿ ಪ್ರಮಾಣ' ಅಂತ ಒಂದು ಸೂಚಕ ಬರತ್ತೆ, ನಾನು ಹೇಳ್ತಿರೋದು ಕಂಪ್ಯೂಟರಿಗೆ ಎಷ್ಟು ಜನರ ವಿವರ ಏರಿದೆ ಅಂತ, ಓದೋವ್ರಿಗೆ ಎಷ್ಟು ಜನ ಅಡ್ಮಿಟ್ ಆದ್ರು ಅಂತ ಅನ್ಸತ್ತೆ. ಆಸ್ಪತ್ರೆ ವಿಷ್ಯದಲ್ಲೇ ಈ ಗೊಂದಲ ಬರಬೇಕಾ! ಅಡ್ಮಿಟ್ ಆಗೋದಕ್ಕೆ 'ಒಳರೋಗಿ ಸೇರ್ಪಡೆ' ಅಂತ ಬಿಟ್ಟು, 'ದಾಖಲೆ'ನ ರೆಕಾರ್ಡಿಗೆ ಮಾತ್ರ ಮೀಸಲಿಟ್ರೆ ಸರಿಹೋಗತ್ತಾ?

ಕೊನೇದು 'ಮೀನಿಂಗ್‌ಫುಲ್ ಯೂಸ್'. ಇದು ಅಮೆರಿಕದ ಪದ, ಇ-ಆರೋಗ್ಯ ದಾಖಲೆಗೆ ಉತ್ತೇಜನ ಕೊಡೋಕೆ ಅಲ್ಲಿ ತಂದ 2009ರ ಹೈಟೆಕ್ ಕಾಯ್ದೆಯ ನಂತರ ಸುಮ್ನೆ ಸಾಫ್ಟ್‌ವೇರ್ ಕೊಂಡ್ರೆ ಸಾಲದು, ಔಷಧಿ ಚೀಟಿ ಅದ್ರಲ್ಲೇ ಬರೀಬೇಕು ಇತ್ಯಾದಿ ಷರತ್ತು ಪೂರೈಸಿದವರಿಗೇ ಪ್ರೋತ್ಸಾಹಧನ ಅಂತ ಮಾಡಿದ್ರು. 2018ರಲ್ಲಿ ಆ ಹೆಸರೇ ಬದಲಾಯ್ತು, ಆದ್ರೂ ಬೇರೆ ದೇಶಗಳ ಬಗ್ಗೆ ಬರೆಯೋವ್ರು ಇನ್ನೂ ಬಿಟ್ಟಿಲ್ಲ. 'ಅರ್ಥಪೂರ್ಣ ಬಳಕೆ' ಅಂದ್ರೆ ಸಮಾರಂಭದ ವರದಿ ತರ ಇದೆ. 'ಸದ್ಬಳಕೆ' ಅಂದ್ರೆ ಅದ್ರ ಬೆನ್ನಿಗೇ ದುರ್ಬಳಕೆ ನಿಂತಿರತ್ತೆ, ಅಲರ್ಜಿ ಖಾನೆ ಖಾಲಿ ಬಿಟ್ಟ ನರ್ಸು ಏನೂ ದುರ್ಬಳಕೆ ಮಾಡಿಲ್ಲ, ಟೈಮ್ ಇರ್ಲಿಲ್ಲ ಅಷ್ಟೇ. 'ತಕ್ಕ ಬಳಕೆ' ಅಂತ ಇಟ್ರೆ? ಚಿಕ್ಕದು, ಬುದ್ಧಿ ಹೇಳೋ ಧಾಟಿ ಇಲ್ಲ, ಆದ್ರೆ ಯಾವುದಕ್ಕೆ ತಕ್ಕ ಅನ್ನೋ ಪ್ರಶ್ನೆ ಉಳಿಯತ್ತೆ.

'ಹಿಂದಾಖಲು'ಗೆ ಬದಲಿ ಮೊದಲು ಬೇಕು, ಲೇಖನದಲ್ಲಿ ಹೆಚ್ಚು ಸಲ ಬರೋದು ಅದೇ. ಇನ್ನೊಂದು, ಯಾರೂ ಬೇಡ ಅನ್ನದಿದ್ರೆ ವರ್ಕ್‌ಅರೌಂಡ್ (ವ್ಯವಸ್ಥೆ ಹೇಳಿದ ದಾರಿ ಬಿಟ್ಟು ಬೇರೆ ದಾರಿಯಲ್ಲಿ ಕೆಲಸ ಮುಗಿಸೋದು) ಅನ್ನೋದಕ್ಕೆ 'ಬಳಸುದಾರಿ' ಅಂತಲೇ ಹಾಕ್ತಿದೀನಿ. ಒಂದೇ ಧಾತು ಆದ್ರಿಂದ ಓದೋವ್ರಿಗೆ ಗೊಂದಲ ಆಗತ್ತೆ ಅಂತ ಅನ್ಸಿದ್ರೆ ಈಗ್ಲೇ ಹೇಳಿಬಿಡಿ.